ಇಡೀ ರಾತ್ರಿಯ ಆಟಕ್ಕೆ ಯಾವ ಸೆಟ್ಟಿಂಗ್? ಎಂಪಿ4, ಎಂಕೆವಿ, ಕೋಡೆಕ್, ಬಿಟ್‌ರೇಟ್ ಮತ್ತು ಚೆಂಡೆ

ಎರಡು ವರ್ಷದ ಹಿಂದೆ ನಮ್ಮೂರ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಇತ್ತು. ಶುರುವಿನಿಂದ ಮಂಗಳದವರೆಗೆ ಒಂದೂ ಬಿಡದೆ ರೆಕಾರ್ಡ್ ಮಾಡಬೇಕು ಅಂತ ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಕೂತಿದ್ದೆ. ಬೆಳಗಿನ ಜಾವ ಮೂರೂವರೆಗೆ ಕರೆಂಟು ಹೋಯಿತು. ಎರಡೇ ನಿಮಿಷದಲ್ಲಿ ಜನರೇಟರ್ ಶುರುವಾಯಿತು. ಅಷ್ಟು ಹೊತ್ತೂ ಭಾಗವತರು ಮೈಕಿಲ್ಲದೆಯೇ ಪದ ಹೇಳುತ್ತಿದ್ದರು, ಆಟ ನಿಲ್ಲಲಿಲ್ಲ. ನಿಂತದ್ದು ನನ್ನ ಲ್ಯಾಪ್‌ಟಾಪ್. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು.

ಬೆಳಿಗ್ಗೆ ನೋಡಿದರೆ ಫೈಲ್ ಇದೆ. ಮೂವತ್ತು ಜಿಬಿಗಿಂತ ಜಾಸ್ತಿ ಜಾಗವನ್ನೂ ತಿಂದಿದೆ. ಆದರೆ ಯಾವ ಪ್ಲೇಯರಿನಲ್ಲೂ ತೆರೆಯುವುದಿಲ್ಲ. ಆರು ಗಂಟೆಯ ಆಟ ಹೋಯಿತು. ತಪ್ಪು ನನ್ನದೇ. ಸೆಟ್ಟಿಂಗ್ಸ್‌ನಲ್ಲಿ ಎಂಕೆವಿ ಅಂತ ಇದ್ದದ್ದನ್ನು "ಇದ್ಯಾವುದೋ ಗೊತ್ತಿಲ್ಲದ್ದು" ಅಂತ ಎಂಪಿ4 ಮಾಡಿದವನು ನಾನೇ.

ಅವತ್ತಿನಿಂದ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಇಂಥ ಹೆಸರುಗಳನ್ನು ನಾನು ಎರಡೇ ರಾಶಿಯಾಗಿ ನೋಡುತ್ತೇನೆ. ಮನೆಗೆ ಬಂದ ಮೇಲೂ ಬದಲಿಸಬಹುದಾದವು ಒಂದು ರಾಶಿ. ರಂಗಸ್ಥಳದ ಎದುರೇ ಸರಿಯಾಗಬೇಕಾದವು ಇನ್ನೊಂದು. ತಮಾಷೆ ಅಂದರೆ, ನಾವು ತಲೆಕೆಡಿಸಿಕೊಳ್ಳುವುದೆಲ್ಲ ಹೆಚ್ಚಾಗಿ ಮೊದಲನೇ ರಾಶಿಗೆ.

ಪೆಟ್ಟಿಗೆ ಮತ್ತು ವೇಷ

ಎಂಪಿ4, ಎಂಕೆವಿ, ಎಂಒವಿ, ಎವಿಐ ಇವೆಲ್ಲ ಕಂಟೇನರ್‌ಗಳು. ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿ ಇರುವ ವೇಷದ ಪೆಟ್ಟಿಗೆ ಇದ್ದ ಹಾಗೆ. ಪೆಟ್ಟಿಗೆ ನೋಡಿ ಒಳಗೆ ಇರುವುದು ರಾಜವೇಷದ ಕಿರೀಟವೋ ಸ್ತ್ರೀವೇಷದ ಸೀರೆಯೋ ಹೇಳಲಾಗುವುದಿಲ್ಲ. ಒಳಗಿನ ದೃಶ್ಯವನ್ನು ಯಾವ ರೀತಿ ಕುಗ್ಗಿಸಿ ತುಂಬಿದ್ದಾರೆ ಅನ್ನುವುದು ಕೋಡೆಕ್‌ನ ವಿಷಯ. ಎಚ್.264, ಎಚ್.265, ಎವಿ1 ಇವು ಕೋಡೆಕ್‌ಗಳು. "ವಿಡಿಯೊ ಎಂಪಿ4 ಇದೆ, ಆದರೂ ಟಿವಿಯಲ್ಲಿ ಬರೀ ಧ್ವನಿ ಬರ್ತದೆ" ಅಂತ ಜನ ಹೇಳುವುದು ಇದಕ್ಕೇ. ಟಿವಿಗೆ ಪೆಟ್ಟಿಗೆ ತೆರೆಯಲು ಬಂತು, ಒಳಗಿನ ವೇಷದ ಗುರುತು ಸಿಗಲಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಎಂಪಿ4 ಅನ್ನುವುದು ಎಂಪಿ3ಯ ಮುಂದಿನ ಆವೃತ್ತಿ ಅಲ್ಲ. ಎಂಪಿ3 ಎಂದರೆ ಎಂಪೆಗ್ ಆಡಿಯೊ ಲೇಯರ್ 3, ಅದು ಧ್ವನಿಯನ್ನು ಕುಗ್ಗಿಸುವ ವಿಧಾನ. ಎಂಪಿ4 ಎಂದರೆ ಎಂಪೆಗ್-4 ಎಂಬ ಮಾನದಂಡದ 14ನೇ ಭಾಗದಲ್ಲಿ ಹೇಳಿರುವ ಪೆಟ್ಟಿಗೆ. ಹೆಸರು ಅಣ್ಣತಮ್ಮಂದಿರ ಹಾಗೆ ಕೇಳುತ್ತದೆ ಅಷ್ಟೇ.

ಈಗ ನನ್ನ ಆರು ಗಂಟೆಯ ಕತೆಗೆ ಬರೋಣ. ಯಾವ ಚಿತ್ರ ಫೈಲಿನ ಯಾವ ಜಾಗದಲ್ಲಿದೆ ಎಂಬ ಪಟ್ಟಿಯನ್ನು ಮಾಮೂಲಿ ಎಂಪಿ4 ಕೊನೆಯಲ್ಲಿ, ರೆಕಾರ್ಡಿಂಗ್ ನಿಲ್ಲಿಸಿದಾಗ ಬರೆಯುತ್ತದೆ. ಪಟ್ಟಿ ಬರೆಯುವ ಮೊದಲೇ ಕರೆಂಟು ಹೋದರೆ ಸಾಮಾನು ಪೂರ್ತಿ ಇದ್ದೂ ಪೆಟ್ಟಿಗೆ ತೆರೆಯುವುದಿಲ್ಲ. ಎಂಕೆವಿ ಸಣ್ಣ ಸಣ್ಣ ಕಟ್ಟುಗಳಾಗಿ ಬರೆದುಕೊಂಡು ಹೋಗುತ್ತದೆ. ನಡುವೆ ನಿಂತರೆ ಕೊನೆಯ ಕೆಲವು ಸೆಕೆಂಡು ಹೋಗಬಹುದು, ಹಿಂದಿನದ್ದು ಉಳಿಯುತ್ತದೆ. ಎಂಕೆವಿಯ ಪೂರ್ತಿ ಹೆಸರು ಮ್ಯಾಟ್ರೋಸ್ಕಾ. ಒಂದರೊಳಗೊಂದು ಕೂರುವ ರಷ್ಯದ ಗೊಂಬೆ ಇದೆಯಲ್ಲ, ಅದರಿಂದ ಬಂದ ಹೆಸರು.

ಹಾಗಾಗಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವಾಗ ಎಂಕೆವಿ, ಊರಿಗೆ ಹಂಚುವಾಗ ಎಂಪಿ4. ಒಂದರಿಂದ ಇನ್ನೊಂದಕ್ಕೆ ದಾಟಿಸುವುದಕ್ಕೆ ರೀಮಕ್ಸ್ ಅನ್ನುತ್ತಾರೆ. ರೆಕಾರ್ಡ್ ಮಾಡುವ ಒಬಿಎಸ್ ಎಂಬ ತಂತ್ರಾಂಶದ ಫೈಲ್ ಮೆನುವಿನಲ್ಲೇ ಅದು ಇದೆ. ವೇಷಕ್ಕೆ ಕೈ ಹಚ್ಚದೆ ಪೆಟ್ಟಿಗೆ ಮಾತ್ರ ಬದಲಿಸುವುದರಿಂದ ಗುಣಮಟ್ಟ ಕೂದಲೆಳೆಯಷ್ಟೂ ಹೋಗುವುದಿಲ್ಲ. ಎಂಟು ಗಂಟೆಯ ಫೈಲೂ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. 2024ರಲ್ಲಿ ಬಂದ ಒಬಿಎಸ್ 30.2ರಿಂದ ಹೈಬ್ರಿಡ್ ಎಂಪಿ4 ಅಂತ ಒಂದು ಆಯ್ಕೆ ಸೇರಿದೆ. ಅದೂ ಕರೆಂಟು ಹೋದರೆ ತಡೆದುಕೊಳ್ಳುವಂಥದ್ದೇ. ಆದರೂ ಒಮ್ಮೆ ಸುಟ್ಟುಕೊಂಡ ನಾನು ಎಂಕೆವಿಯನ್ನೇ ಹಿಡಿದುಕೊಂಡಿದ್ದೇನೆ.

ಕೋಡೆಕ್: ಮೂರರಲ್ಲಿ ಯಾವುದು?

ಎಚ್.264 ಬಂದದ್ದು 2003ರಲ್ಲಿ. ಹಳೇ ಫೋನು, ಹಳೇ ಟಿವಿ, ಪಂಚಾಯತಿ ಲೈಬ್ರರಿಯ ಕಂಪ್ಯೂಟರ್, ಎಲ್ಲದರಲ್ಲೂ ಓಡುತ್ತದೆ. ಎಚ್.265 ಅಥವಾ ಹೆವಿಸಿ 2013ರದ್ದು. ಅದೇ ಗುಣಮಟ್ಟಕ್ಕೆ ಸುಮಾರು ಅರ್ಧ ಜಾಗ ಸಾಕು. ಆದರೆ ಕುಗ್ಗಿಸುವುದಕ್ಕೂ ಬಿಡಿಸುವುದಕ್ಕೂ ಯಂತ್ರಕ್ಕೆ ದುಡಿಮೆ ಜಾಸ್ತಿ. ಪೇಟೆಂಟ್ ಪರವಾನಗಿ ಮೂರು ನಾಲ್ಕು ಕಡೆ ಹಂಚಿಹೋಗಿ ಗೋಜಲಾದ್ದರಿಂದ ಎಷ್ಟೋ ಕಡೆ ಬೆಂಬಲ ತಡವಾಗಿ ಬಂತು. ಆ ಗೋಜಲೇ ಬೇಡ ಅಂತ ಗೂಗಲ್, ನೆಟ್‌ಫ್ಲಿಕ್ಸ್, ಅಮೆಜಾನ್ ಮುಂತಾದವರು ಸೇರಿ 2015ರಲ್ಲಿ ಒಕ್ಕೂಟ ಕಟ್ಟಿ 2018ರಲ್ಲಿ ತಂದದ್ದು ಎವಿ1. ಅದಕ್ಕೆ ರಾಯಧನ ಇಲ್ಲ. ಇನ್ನೂ ಚಿಕ್ಕ ಫೈಲ್. ಆದರೆ ಹೊಸ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಎಂಟು ಗಂಟೆಯ ಆಟವನ್ನು ಎವಿ1ಗೆ ಹಾಕಲು ಕೂತರೆ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಬಂದರೂ ಮುಗಿಯಲಿಕ್ಕಿಲ್ಲ.

ನನ್ನ ತೀರ್ಮಾನ ಹೀಗಿದೆ. ಹಂಚುವುದಕ್ಕೆ ಎಚ್.264. ಫೋನಿನಲ್ಲೇ ಶೂಟ್ ಮಾಡಿ ಜಾಗ ಸಾಲದಿದ್ದರೆ ಎಚ್.265. ಎವಿ1 ಸದ್ಯಕ್ಕೆ ಯೂಟ್ಯೂಬಿನವರ ತಲೆನೋವು. ನೀವು ಏನೇ ಏರಿಸಿದರೂ ಅವರು ತಮಗೆ ಬೇಕಾದ ಹಾಗೆ ಮತ್ತೆ ಕುಗ್ಗಿಸಿಯೇ ಕುಗ್ಗಿಸುತ್ತಾರೆ.

ಇಲ್ಲೊಂದು ಎಚ್ಚರ. ಪೆಟ್ಟಿಗೆ ಬದಲಿಸುವುದು ಬೇರೆ, ಕೋಡೆಕ್ ಬದಲಿಸುವುದು ಬೇರೆ. ಕೋಡೆಕ್ ಬದಲಿಸಿದಾಗಲೆಲ್ಲ ಒಂದಿಷ್ಟು ವಿವರ ಸೋರುತ್ತದೆ, ಅದು ಮತ್ತೆ ಬರುವುದಿಲ್ಲ. ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿದ ವಿಡಿಯೊದಲ್ಲಿ ಬಣ್ಣದ ವೇಷದ ಚುಟ್ಟಿ ಹಿಟ್ಟಿನ ಉಂಡೆ ಹಾಗೆ ಕಾಣುವುದು ಇದರಿಂದಲೇ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ. 2 ಜಿಬಿವರೆಗೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ.

ಬಿಟ್‌ರೇಟ್ ಲೆಕ್ಕ

ಗುಣಮಟ್ಟವನ್ನು ಹೆಚ್ಚಾಗಿ ತೀರ್ಮಾನಿಸುವುದು ಚಿತ್ರದ ಅಳತೆ ಹೇಳುವ 4ಕೆ, 1080 ಅನ್ನುವ ಸಂಖ್ಯೆ ಅಲ್ಲ, ಬಿಟ್‌ರೇಟ್. ಅಂದರೆ ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಬರೆಯುತ್ತೀರಿ ಎಂಬುದು. ಕಡಿಮೆ ಬಿಟ್‌ರೇಟಿನ 4ಕೆಗಿಂತ ಒಳ್ಳೇ ಬಿಟ್‌ರೇಟಿನ 1080 ಎಷ್ಟೋ ಚೆಂದ. ಯಕ್ಷಗಾನಕ್ಕಂತೂ ಇದು ಬಹಳ ಮುಖ್ಯ. ಮಿಂಚುವ ಕಿರೀಟ, ಎದೆಪದಕ, ಮಣಿಸರ, ಅದರ ಮೇಲೆ ಗರಗರ ತಿರುಗುವ ಕುಣಿತ. ಸುದ್ದಿ ಓದುವವರ ಮುಖಕ್ಕೆ ಸಾಕಾಗುವ ಬಿಟ್‌ರೇಟ್ ಇಲ್ಲಿ ಚೂರೂ ಸಾಲದು, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಯೂಟ್ಯೂಬ್ ಅಪ್‌ಲೋಡಿಗೆ ಹೇಳುವ ಲೆಕ್ಕ: 1080ಪಿ, ಸೆಕೆಂಡಿಗೆ 24ರಿಂದ 30 ಫ್ರೇಮ್ (ಬಿಡಿ ಚಿತ್ರ) ಇದ್ದರೆ 8 ಮೆಗಾಬಿಟ್, 48ರಿಂದ 60 ಇದ್ದರೆ 12. ನಾನು ಇದನ್ನು ಕನಿಷ್ಠ ಅಂತ ಇಟ್ಟುಕೊಳ್ಳುತ್ತೇನೆ.

ಬಿಟ್ ಬೇರೆ, ಬೈಟ್ ಬೇರೆ. 8 ಬಿಟ್ ಸೇರಿದರೆ 1 ಬೈಟ್. ಸೆಕೆಂಡಿಗೆ 12 ಮೆಗಾಬಿಟ್ ಅಂದರೆ 1.5 ಮೆಗಾಬೈಟ್. ಎಂಟು ಗಂಟೆಗೆ 28,800 ಸೆಕೆಂಡು. ಗುಣಿಸಿದರೆ 43 ಜಿಬಿ ಚಿಲ್ಲರೆ. 100 ಮೆಗಾಬಿಟ್‌ನ 4ಕೆ ಆದರೆ 360 ಜಿಬಿ. ಅಂಗಡಿಯವರು 1 ಟಿಬಿ ಡಿಸ್ಕ್ ಕೊಟ್ಟರು, ವಿಂಡೋಸ್‌ನಲ್ಲಿ 931 ಜಿಬಿ ತೋರಿಸ್ತದೆ ಅಂತ ಜಗಳಕ್ಕೆ ಹೋಗಬೇಡಿ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಯಾರೂ ಕದ್ದಿಲ್ಲ.

ಸಿಬಿಆರ್, ವಿಬಿಆರ್, ಸಿಆರ್‌ಎಫ್ ಅಂತ ಮೂರು ಕಾಣುತ್ತವೆ. ಲೈವ್ ಬಿಡುವುದಾದರೆ ಸಿಬಿಆರ್. ಅದು ಸದಾ ಒಂದೇ ದರ, ಇಂಟರ್‌ನೆಟ್‌ಗೆ ಏರಿಳಿತ ಆಗುವುದಿಲ್ಲ. ಮನೆಯಲ್ಲಿ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಕುಗ್ಗಿಸುವುದಾದರೆ ಸಿಆರ್‌ಎಫ್. ಅಲ್ಲಿ ನೀವು ಹೇಳುವುದು ಗುಣಮಟ್ಟವನ್ನು. ವೇಷಗಳು ಕುಣಿಯುತ್ತ ಬರುವ ಒಡ್ಡೋಲಗಕ್ಕೆ ಎಷ್ಟು, ಸುಮ್ನೆ ನಿಂತು ಅರ್ಥ (ಮಾತು) ಹೇಳುವಾಗ ಎಷ್ಟು ಅಂತ ಅದೇ ಹಂಚಿಕೊಳ್ಳುತ್ತದೆ. ಎಚ್.264ಗೆ 20ರ ಆಸುಪಾಸು ಸಾಕು. ಸಂಖ್ಯೆ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಉಲ್ಟಾ ಲೆಕ್ಕ, ನೆನಪಿರಲಿ. ವಿಬಿಆರ್ ಇವೆರಡರ ನಡುವಿನದ್ದು. ಫೈಲಿನ ಗಾತ್ರ ಇಷ್ಟೇ ಇರಬೇಕು ಅಂತಿದ್ದಾಗ ಮಾತ್ರ ಬೇಕಾಗುತ್ತದೆ.

4ಕೆ ಬೇಕಾ? ಒಂದೇ ಕ್ಯಾಮೆರಾವನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೀವು ಆಟ ನೋಡುವವರಾದರೆ ಬೇಕು. 4ಕೆಯಲ್ಲಿ 1080ರ ನಾಲ್ಕು ಪಟ್ಟು ಪಿಕ್ಸೆಲ್ ಇರುತ್ತದೆ. ಎಡಿಟ್ ಮಾಡುವಾಗ ಅದರಿಂದ ಭಾಗವತರನ್ನೊಮ್ಮೆ, ವೇಷಧಾರಿಯನ್ನೊಮ್ಮೆ ಹತ್ತಿರದಿಂದ ಕತ್ತರಿಸಿಕೊಳ್ಳಬಹುದು. ಕೈಯಲ್ಲಿ ಹಿಡಿದು ಜೂಮ್ ಮಾಡುವವರಿಗೆ 1080 ಧಾರಾಳ.

25, 30, 50: ಇದು ರಂಗಸ್ಥಳದ ಎದುರೇ ಆಗಬೇಕು

ಇಲ್ಲಿಂದ ಎರಡನೇ ರಾಶಿ.

ನಮ್ಮ ಕರೆಂಟು 50 ಹರ್ಟ್ಸ್. ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು, 1/60 ಸೆಕೆಂಡು ಇಟ್ಟರೆ ಪರದೆಯ ಮೇಲೆ ಕಪ್ಪು ಪಟ್ಟಿ ನಿಧಾನಕ್ಕೆ ಈಜುತ್ತದೆ, ಇಲ್ಲವೇ ಬೆಳಕು ಉಸಿರಾಡಿದ ಹಾಗೆ ಏರಿಳಿಯುತ್ತದೆ. ಆಮೇಲೆ ತೆಗೆಯುವುದು ಭಾರೀ ಕಷ್ಟ. 1/50 ಅಥವಾ 1/100 ಇಟ್ಟರೆ ಪ್ರತಿ ಫ್ರೇಮಿಗೂ ಪೂರ್ತಿ ಮಿಣುಕೇ ಸಿಗುವುದರಿಂದ ತೊಂದರೆ ಇಲ್ಲ. ಅಂದರೆ ನಿಜವಾದ ಕೀಲಿ ಇರುವುದು ಶಟರಿನಲ್ಲಿ. 30 ಫ್ರೇಮ್ ಇಟ್ಟು ಶಟರ್ 1/50 ಮಾಡಿದರೂ ನಡೆಯುತ್ತದೆ. ಆದರೆ ಶಟರನ್ನು ತನ್ನಷ್ಟಕ್ಕೆ ಬಿಟ್ಟರೆ 30ರ ಕ್ಯಾಮೆರಾ 1/60ರ ಕಡೆ ಓಡುತ್ತದೆ. ಆದ್ದರಿಂದ 25 ಅಥವಾ 50 ಇಟ್ಟುಬಿಡುವುದೇ ನೆಮ್ಮದಿ. ಎಷ್ಟೋ ಕ್ಯಾಮೆರಾದ ಮೆನುವಿನಲ್ಲಿ 25, 50 ಕಾಣುವುದೇ ಇಲ್ಲ. ಮೊದಲು ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಇದ್ದದ್ದನ್ನು ಪಾಲ್ (ನಮ್ಮಲ್ಲಿನ ಪದ್ಧತಿ) ಮಾಡಿ, ಆಗ ಬರುತ್ತದೆ. ದೂರದರ್ಶನ 1982ರಲ್ಲಿ ಬಣ್ಣಕ್ಕೆ ತಿರುಗಿದ್ದೂ ಪಾಲ್‌ನಲ್ಲೇ. ಅಗ್ಗದ ಎಲ್‌ಇಡಿ ಬಣ್ಣದ ದೀಪಗಳದ್ದು ಮಾತ್ರ ಬೇರೆಯೇ ತಾಳ. ಅವಕ್ಕೆ ಆಟ ಶುರುವಾಗುವ ಮೊದಲು ಒಂದು ನಿಮಿಷ ಶೂಟ್ ಮಾಡಿ ನೋಡುವುದು ಬಿಟ್ಟು ಬೇರೆ ದಾರಿಯಿಲ್ಲ.

25ಕ್ಕೂ 50ಕ್ಕೂ ನಡುವೆ? ತಾಳಮದ್ದಳೆಗೆ 25 ಸಾಕು, ಕೂತು ಮಾತಾಡುವುದಷ್ಟೇ. ಹಾರಿ ತಿರುಗುವ ದಿಗಿಣ ಇದ್ದರೆ 50. ತೆಂಕುತಿಟ್ಟಿನ ಪುಂಡುವೇಷ ಸಾಲಾಗಿ ದಿಗಿಣ ಹೊಡೆಯುವಾಗ 25ರಲ್ಲಿ ಕೈಕಾಲು ಮಸುಕಿನ ಗೆರೆಯಾಗುತ್ತದೆ. 50ರಲ್ಲಿ ಗೆಜ್ಜೆ ಕಾಣುತ್ತದೆ. 50ನ್ನು 25 ಮಾಡಬಹುದು, 25ನ್ನು ನಿಜವಾದ 50 ಮಾಡಲಾಗದು.

1080ಐ, 1080ಪಿ ಅಂತ ಇದ್ದರೆ ಪಿ ಆರಿಸಿ. ಐ ಅಂದರೆ ಇಂಟರ್‌ಲೇಸ್, ಒಂದು ಸಲ ಬೆಸ ಗೆರೆ, ಇನ್ನೊಂದು ಸಲ ಸಮ ಗೆರೆ ಬರೆಯುವ ಹಳೇ ಪದ್ಧತಿ. ಮನೆಯಲ್ಲಿರುವ ವಿಎಚ್‌ಎಸ್ ಕ್ಯಾಸೆಟ್‌ಗಳು ಹೀಗಿವೆ. ಅವನ್ನು ಕಂಪ್ಯೂಟರಿಗೆ ಇಳಿಸಲು ಕೊಡುವಾಗ 720×576 ಅಳತೆ, ಸೆಕೆಂಡಿಗೆ 50 ಫ್ರೇಮಿಗೆ ಬಿಡಿಸಿ ಅಂತ ಹೇಳಿ. ನಮ್ಮ ಅಜ್ಜನ ಕಾಲದ ಒಂದು ಕ್ಯಾಸೆಟ್ಟನ್ನು ಒಬ್ಬರು 30 ಫ್ರೇಮಿಗೆ ಇಳಿಸಿ, ಮೇಲಿಂದ "4ಕೆ" ಅಂತ ಹಿಗ್ಗಿಸಿ ಕೊಟ್ಟಿದ್ದರು. ಕುಣಿತವೆಲ್ಲ ಎಡವಿ ಎಡವಿ ನಡೆದ ಹಾಗಿತ್ತು. ಇಲ್ಲದ ವಿವರ ಹಿಗ್ಗಿಸಿದರೆ ಎಲ್ಲಿಂದ ಬರಬೇಕು ಅಲ್ವಾ?

ಧ್ವನಿ: ಜಾಸ್ತಿ ಹಾಳಾಗುವುದು ಇಲ್ಲೇ

ಚಿತ್ರ ಸ್ವಲ್ಪ ಕೆಟ್ಟರೂ ಜನ ಆಟ ನೋಡುತ್ತಾರೆ. ಧ್ವನಿ ಕೆಟ್ಟರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಅದರಲ್ಲೂ ಯಕ್ಷಗಾನದ ಹಿಮ್ಮೇಳ ರೆಕಾರ್ಡಿಂಗ್‌ಗೆ ಕಠಿಣ ಪರೀಕ್ಷೆ. ಭಾಗವತರು ತಗ್ಗಿದ ಸ್ವರದಲ್ಲಿ ಕರುಣರಸದ ಪದ ಹೇಳುತ್ತಿರುತ್ತಾರೆ. ಮರುಕ್ಷಣ ಯುದ್ಧ, ಚೆಂಡೆಯ ಏರುಪೆಟ್ಟು. ಈ ಎರಡರ ಅಂತರವನ್ನು ಯಂತ್ರ ಹಿಡಿಯಬೇಕು.

ಡಿಜಿಟಲ್ ಧ್ವನಿಯಲ್ಲಿ 0 ಡೆಸಿಬೆಲ್ ಅಂದರೆ ಮೇಲಿನ ಸೂರು. ಅದಕ್ಕೆ ತಲೆ ತಾಗಿದ ಧ್ವನಿಯ ತುದಿ ಕತ್ತರಿಸಿ ಹೋಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಚೆಂಡೆ ಪೆಟ್ಟು ಹರಿದ ತಗಡಿನ ಹಾಗೆ ಕೇಳಿದರೆ ಅದು ಕ್ಲಿಪ್ ಆಗಿದೆ. ಆದ್ದರಿಂದ ಜೋರಾದ ಪೆಟ್ಟಿಗೂ ಮೀಟರ್ –12ರ ಹತ್ತಿರ ನಿಲ್ಲುವಂತೆ ಇಟ್ಟುಕೊಳ್ಳಿ. ಹಾಗೆ ಇಳಿಸಿದಾಗ ಭಾಗವತರ ತಗ್ಗು ಸ್ವರ ತಳಕ್ಕೆ ಹೋಗುವುದಿಲ್ಲವಾ? ಹೋಗುತ್ತದೆ. 16 ಬಿಟ್, 24 ಬಿಟ್ ಅನ್ನುವ ಆಯ್ಕೆಗೆ ಅರ್ಥ ಬರುವುದೇ ಇಲ್ಲಿ. 16 ಬಿಟ್‌ನಲ್ಲಿ ಸೂರಿನಿಂದ ನೆಲದವರೆಗೆ ಸುಮಾರು 96 ಡೆಸಿಬೆಲ್, 24 ಬಿಟ್‌ನಲ್ಲಿ ಲೆಕ್ಕಕ್ಕೆ 144. ನೆಲ ಅಷ್ಟು ಕೆಳಗಿರುವಾಗ ಧೈರ್ಯವಾಗಿ ಕಡಿಮೆಯಲ್ಲಿ ರೆಕಾರ್ಡ್ ಮಾಡಿ, ಮನೆಯಲ್ಲಿ ಏರಿಸಿಕೊಳ್ಳಬಹುದು. ಕೇಳುವುದಕ್ಕೆ 16 ಸಾಕು. ಹಿಡಿಯುವುದಕ್ಕೆ 24 ಬೇಕು.

ಈಗ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಬಂದಿವೆ. ಅದರಲ್ಲಿ ಸೂರು ಇಲ್ಲವೆಂದೇ ಹೇಳಬಹುದು, ಮಟ್ಟ ತಪ್ಪಿದರೂ ಇಳಿಸಿಕೊಳ್ಳಬಹುದು. ಒಬ್ಬರೇ ಎಲ್ಲ ನೋಡಿಕೊಳ್ಳುವವರಿಗೆ ಒಳ್ಳೇದು. ಆದರೆ ಮೈಕ್‌ಸೆಟ್‌ನವರ ಮಿಕ್ಸರಿನಲ್ಲೇ ಒಡೆದು ಬಂದ ಧ್ವನಿಯನ್ನು ಅದೂ ಜೋಡಿಸಲಾರದು. ಮೈಕ್‌ಸೆಟ್‌ನವರ ಹತ್ತಿರ ಮೊದಲೇ ಹೋಗಿ, ಚಾ ಕುಡಿದು, ದೋಸ್ತಿ ಮಾಡಿಕೊಳ್ಳುವುದು ಇದಕ್ಕಿಂತ ದೊಡ್ಡ ಅಪ್‌ಗ್ರೇಡ್.

ಫೋನಿನಲ್ಲಿ ರೆಕಾರ್ಡ್ ಮಾಡುವವರು ಆಟೊ ಗೇನ್ ಅನ್ನುವುದನ್ನು ಆಫ್ ಮಾಡಲು ಆದರೆ ಆಫ್ ಮಾಡಿ. ಚೆಂಡೆ ಬಿದ್ದ ಕೂಡಲೇ ಫೋನು ಬೆಚ್ಚಿ ಎಲ್ಲ ಧ್ವನಿಯನ್ನೂ ತಗ್ಗಿಸುತ್ತದೆ. ಆಮೇಲೆ ನಿಧಾನಕ್ಕೆ ಏರಿಸುತ್ತದೆ. ಅಷ್ಟರಲ್ಲಿ ಪದದ ಅರ್ಧ ಸಾಲು ನುಂಗಿ ಹೋಗಿರುತ್ತದೆ. ಇದನ್ನು ಎಡಿಟಿಂಗ್‌ನಲ್ಲಿ ಸರಿಮಾಡಲು ಹೊರಟು ನಾನು ಎರಡು ಭಾನುವಾರ ಕಳೆದೆ, ಆಗಲಿಲ್ಲ.

ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದು ಬರೆಯಬೇಕು, 44.1 ಕಿಲೋಹರ್ಟ್ಸ್ ಬೇಕೋ 48 ಬೇಕೋ? ವಿಡಿಯೊ ಜೊತೆ ಹೋಗುವುದಾದರೆ 48. ಇಷ್ಟೇ ಉತ್ತರ. ಕಿವಿಗೆ ವ್ಯತ್ಯಾಸ ಇಲ್ಲ. ಮನುಷ್ಯರಿಗೆ ಕೇಳುವುದು 20 ಕಿಲೋಹರ್ಟ್ಸ್‌ವರೆಗೆ, ಅದರ ಎರಡು ಪಟ್ಟಿಗಿಂತ ತುಸು ಜಾಸ್ತಿ ಇದ್ದರೆ ಸಾಕು, ಎರಡೂ ಹಾಗೇ ಇವೆ. 44.1 ಅನ್ನುವ ವಿಚಿತ್ರ ಸಂಖ್ಯೆಯ ಹುಟ್ಟೂ ವಿಡಿಯೊ ಟೇಪೇ. ಮೊದಲು ಡಿಜಿಟಲ್ ಧ್ವನಿಯನ್ನು ಅದರ ಮೇಲೆ ಬರೆಯುತ್ತಿದ್ದರು. ಪಾಲ್‌ನಲ್ಲಿ 294 ಗೆರೆ, ಗೆರೆಗೆ 3 ಸ್ಯಾಂಪಲ್ (ಅಳತೆ), ಸೆಕೆಂಡಿಗೆ 50 ಸಲ. ಗುಣಿಸಿ ನೋಡಿ, 44,100. ಅದೇ ಮುಂದೆ ಸಿಡಿಗೂ ಬಂತು.

ಫೈಲಿನ ಬಗೆ ಆರಿಸುವಾಗ ಮೂಲ ಪ್ರತಿಗೆ ವೇವ್ ಅಥವಾ ಫ್ಲ್ಯಾಕ್. ಎರಡರಲ್ಲೂ ಏನೂ ನಷ್ಟ ಇಲ್ಲ, ಫ್ಲ್ಯಾಕ್ ಜಾಗ ಕಡಿಮೆ ತಿನ್ನುತ್ತದೆ. ವೇವ್‌ನಲ್ಲಿ ಇನ್ನೊಂದು ಮುಳ್ಳಿದೆ. ಅದರ ಗಾತ್ರಕ್ಕೆ 4 ಜಿಬಿ ಮಿತಿ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ಆದರೆ ಸುಮಾರು 4 ಗಂಟೆ 8 ನಿಮಿಷಕ್ಕೆ ತುಂಬುತ್ತದೆ. ರಾತ್ರಿ ಒಂಬತ್ತೂವರೆಗೆ ಶುರುಮಾಡಿದರೆ ಒಂದೂವರೆ ದಾಟುವಾಗ, ಪ್ರಸಂಗ ಬಿಸಿಯೇರುವ ಹೊತ್ತಿಗೆ. ನಿಮ್ಮ ರೆಕಾರ್ಡರ್ ಆಗ ಹೊಸ ಫೈಲ್ ಶುರುಮಾಡುತ್ತದೋ ಸುಮ್ನೆ ನಿಲ್ಲುತ್ತದೋ ಮೊದಲೇ ನೋಡಿಟ್ಟುಕೊಳ್ಳಿ.

ಹಂಚುವ ಪ್ರತಿಯಲ್ಲಿ ವಿಡಿಯೊ ಜೊತೆಗಾದರೆ ಎಎಸಿ. ಬರೀ ಪದ ಕೇಳುವವರಿಗೆ ಎಂಪಿ3, ಯಾಕೆಂದರೆ ಹತ್ತು ವರ್ಷ ಹಳೆಯ ಕಾರಿನ ಸ್ಟೀರಿಯೊವೂ ಅದನ್ನು ಓದುತ್ತದೆ. ಓಪಸ್ ಕಡಿಮೆ ಬಿಟ್‌ರೇಟಿನಲ್ಲಿ ಇವೆರಡಕ್ಕಿಂತ ಚೆನ್ನಾಗಿದೆ, ವಾಟ್ಸಾಪಿನ ಧ್ವನಿ ಸಂದೇಶ ಬರುವುದೂ ಅದರಲ್ಲೇ. ಆದರೆ ಆ ಕಾರಿಗೆ ಅದು ಗೊತ್ತಿಲ್ಲ.

ಧ್ವನಿಗೆ ಬೇರೆ ರೆಕಾರ್ಡರ್ ಇಟ್ಟರೆ ಇನ್ನೊಂದು ಸಂಗತಿ. ಕ್ಯಾಮೆರಾದ ಗಡಿಯಾರ, ರೆಕಾರ್ಡರಿನ ಗಡಿಯಾರ ಒಂದೇ ಹೆಜ್ಜೆ ಇಡುವುದಿಲ್ಲ. ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸ ಇದ್ದರೂ ಎಂಟು ಗಂಟೆಯ ಕೊನೆಗೆ ಕಾಲು ಸೆಕೆಂಡಿಗಿಂತ ಜಾಸ್ತಿ ಜಾರುತ್ತದೆ. ಕೋಲು ಚೆಂಡೆಗೆ ಬಿದ್ದ ಮೇಲೆ ಸದ್ದು ಬರುತ್ತದೆ. ಫೋನುಗಳಲ್ಲಿ ಇದರ ಜೊತೆಗೆ ಫ್ರೇಮ್ ರೇಟೇ ಏರಿಳಿಯುವುದರಿಂದ ತಲೆಬಿಸಿ ಎರಡು ಪಟ್ಟು. ಮನೆಗೆ ಬಂದು ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಹಾಯಿಸಿ, ಆಮೇಲೆ ಎಡಿಟ್‌ಗೆ ಕೂರಿ. ಪ್ರಸಂಗದ ನಡುನಡುವೆ ಮೂರು ನಾಲ್ಕು ಕಡೆ ಕತ್ತರಿಸಿ ಚೆಂಡೆ ಪೆಟ್ಟಿಗೆ ಹೊಂದಿಸಿದರೆ ಜಾರಿದ್ದು ಗೊತ್ತಾಗುವುದಿಲ್ಲ.

ಪೆನ್‌ಡ್ರೈವ್

ಮೆಮೊರಿ ಕಾರ್ಡ್ ಕೊಳ್ಳುವಾಗ ವಿ30 ಅಂತ ಬರೆದದ್ದು ತೆಗೆದುಕೊಳ್ಳಿ. ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ ಅಂತ ಅರ್ಥ, 4ಕೆಗೂ ಸಾಕು. ಕನ್ನಡದಲ್ಲಿ ಸಬ್‌ಟೈಟಲ್ ಮಾಡುವವರು ಎಸ್‌ಆರ್‌ಟಿ ಫೈಲನ್ನು ಯೂನಿಕೋಡ್‌ನಲ್ಲಿ, ಯುಟಿಎಫ್-8 ಆಗಿ ಉಳಿಸಿ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಹೊಡೆದದ್ದು ಟಿವಿಯಲ್ಲಿ ಬರೀ ಚಿತ್ರಲಿಪಿ.

ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವ ಎರಡು ಬಗೆಗಳಾದ ಫ್ಯಾಟ್32ಕ್ಕೂ ಎಕ್ಸ್‌ಫ್ಯಾಟ್‌ಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಮುಂಬೈಯ ದೊಡ್ಡಪ್ಪನಿಂದ. ಕಳೆದ ವರ್ಷದ ಆಟವನ್ನು ಅವರಿಗೆ ಪೆನ್‌ಡ್ರೈವ್‌ನಲ್ಲಿ ಕಳಿಸಿದ್ದೆ. 1080ಪಿ, ಎಚ್.264, ಎಎಸಿ, ಎಂಪಿ4, ಎಲ್ಲ ಸರಿಯಾಗಿತ್ತು. ಎರಡು ದಿನ ಬಿಟ್ಟು ಫೋನು ಬಂತು.

"ಭಾಗವತರ ಸ್ವರ ಒಳ್ಳೆ ಕೇಳ್ತದೆ ಮಾರಾಯ. ಆದ್ರೆ ಮುಕ್ಕಾಲು ಗಂಟೆಗೊಮ್ಮೆ ನಿಲ್ತದಲ್ಲ, ಯಾಕೆ?"

ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. 12 ಮೆಗಾಬಿಟ್‌ನ ವಿಡಿಯೊ 47 ನಿಮಿಷಕ್ಕೆ ಅಲ್ಲಿಗೆ ಮುಟ್ಟುತ್ತದೆ, ಅದಕ್ಕೇ ತುಂಡು ಮಾಡಿ ಹಾಕಿದ್ದೆ. ಎಕ್ಸ್‌ಫ್ಯಾಟ್‌ಗೆ ಆ ಮಿತಿ ಇಲ್ಲ. ಮುಂದಿನ ಸಲ ಹಾಗೇ ಮಾಡಿ, ಇಡೀ ಆಟವನ್ನು ಒಂದೇ ಫೈಲಾಗಿ ಕಳಿಸಿದೆ. ಅವರ ಹಳೇ ಟಿವಿ ಪೆನ್‌ಡ್ರೈವನ್ನೇ ಓದಲಿಲ್ಲ. ಈಗ ಮತ್ತೆ ಫ್ಯಾಟ್32, ಮತ್ತೆ ತುಂಡು. ಆದರೆ ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ. ಪದ ಮುಗಿದು ಅರ್ಥ ಶುರುವಾಗುವ ಜಾಗ ನೋಡಿ ಕತ್ತರಿಸುತ್ತೇನೆ. ಆ ಹೊತ್ತಿಗೆ ದೊಡ್ಡಪ್ಪ ಚಾಕ್ಕೆ ಏಳುತ್ತಾರಂತೆ.